ಪದಚರ್ಚೆ: ವಿಮಾನದ ‘ಆಟಿಟ್ಯೂಡ್’ಗೆ ಕನ್ನಡದಲ್ಲಿ ಏನನ್ನೋಣ?

ಬೀದರಿನ ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮಕ್ಕಳು ರಟ್ಟಿನ ಕಾಕ್‌ಪಿಟ್ ಮಾಡಿದ್ದಾರೆ. ವಾಯುಪಡೆಯ ಸೂರ್ಯಕಿರಣ ಕಸರತ್ತು ತಂಡದ ವಿಮಾನಗಳು ತಲೆ ಮೇಲೆಯೇ ಹಾರುವ ಊರು, ಮಕ್ಕಳಿಗೆ ಬೇರೇನು ಹೊಳೆದೀತು? ಹೆಸರಿನ ಚೀಟಿ ಬರೆಯುವ ಕೆಲಸ ನನ್ನದು. ವೇಗಮಾಪಕ, ಎತ್ತರಮಾಪಕ ಸಲೀಸಾಗಿ ಆದವು. ನಟ್ಟನಡುವಿನ ಬಿಲ್ಲೆಗೆ ಬಂದಾಗ ಪೆನ್ನು ನಿಂತಿತು. ಮೇಲರ್ಧ ನೀಲಿ ಬಾನು, ಕೆಳಗರ್ಧ ಕಂದು ನೆಲ, ನಡುವೆ ಬಿಳಿ ಗೆರೆ. ಆಟಿಟ್ಯೂಡ್ ಇಂಡಿಕೇಟರ್. ವಿಮಾನ ಎತ್ತ ಎಷ್ಟು ವಾಲಿದೆ, ಮೂತಿ ಎದ್ದಿದೆಯೋ ಇಳಿದಿದೆಯೋ ಎಂಬುದನ್ನು ಮೋಡದೊಳಗೂ ತೋರಿಸುವ ಉಪಕರಣ.

ಫೋನನ್ನು ಕೇಳಿದರೆ ‘ಮನೋಭಾವ ಸೂಚಕ’ ಎಂದಿತು. ಅದನ್ನು ಬಿಟ್ಟು ‘ಭಂಗಿ ಸೂಚಕ’ ಎಂದು ಬರೆದೆ. ನಮ್ಮ ಜವಾನರು ಓದಿ, “ಭಂಗಿ ಸೇದಿದವ್ರನ್ನ ಹಿಡಿಯೋ ಮಷೀನ್ ಏನ್ರಿ ಸರ್?” ಅಂದರು. ವಾಲುವುದನ್ನು ತೋರಿಸುತ್ತದೆ ಅನ್ನುವ ಮಟ್ಟಿಗೆ ಅವರ ಮಾತೂ ಸರಿಯೇ!

ಗೌಂಡಿ ಕೆಲಸದ ಪಾಲಕರೊಬ್ಬರು ‘ರಸಮಟ್ಟ’ ಅನ್ರಿ ಎಂದರು; ಸಮತಟ್ಟು ನೋಡಲು ಅವರು ಇಡುವ, ದ್ರವದಲ್ಲಿ ಗುಳ್ಳೆಯಿರುವ ಪಟ್ಟಿ ಅದು. ಪದ ಬಲು ಚಂದ, ಬಿಡಲು ಮನಸ್ಸಾಗಲಿಲ್ಲ. ಆದರೆ ವಿಮಾನ ಸರಿಯಾಗಿ ವಾಲಿ ತಿರುಗುವಾಗ ಒಳಗಿಟ್ಟ ಲೋಟದ ನೀರು ಕೂಡ ಲೋಟದ ಜೊತೆಗೇ ವಾಲುತ್ತದೆ, ತುಳುಕುವುದಿಲ್ಲ. ರಸಮಟ್ಟದ ಗುಳ್ಳೆಯೂ ಹಾಗೆಯೇ ನಡುವೆ ಕೂತು ‘ಎಲ್ಲ ಸಮ’ ಎಂದು ಸುಳ್ಳು ಹೇಳುತ್ತದೆ. ಪೈಲಟ್‌ನ ಒಳಗಿವಿಗೂ ಇದೇ ಮೋಸ. ನಮ್ಮ ಬಿಲ್ಲೆಯ ಉಪಕರಣದೊಳಗೆ ಇರುವುದು ಬಗರಿ: ರಭಸದಿಂದ ತಿರುಗುವ ಗೈರೊಸ್ಕೋಪ್ ತನ್ನ ಅಚ್ಚಿನ ದಿಕ್ಕು ಬಿಡುವುದಿಲ್ಲ, ವಿಮಾನವೇ ಅದರ ಸುತ್ತ ವಾಲುತ್ತದೆ.

ಹಳೆಯ ಹೆಸರು ಹಿಡಿದು ‘ಕೃತಕ ದಿಗಂತ’ ಎನ್ನಬಹುದು. 1929ರಲ್ಲಿ ಅಮೆರಿಕದ ಪೈಲಟ್ ಜಿಮ್ಮಿ ಡೂಲಿಟಲ್ ಹೊರಗೇನೂ ಕಾಣದಂತೆ ಮುಚ್ಚಿದ ಕಾಕ್‌ಪಿಟ್‌ನಲ್ಲಿ ಕೂತು ಏರಿ, ಹಾರಿ, ಇಳಿದದ್ದು ಇದನ್ನೂ ರೇಡಿಯೊ ಸಂಕೇತವನ್ನೂ ನಂಬಿಯೇ. ಆದರೆ ಉಪಕರಣಕ್ಕೆ ಹೆಸರು ಸಿಕ್ಕಿತೇ ಹೊರತು ‘ಆಟಿಟ್ಯೂಡ್’ ಹಾಗೇ ಉಳಿಯಿತು.

ನನ್ನ ಒಲವು ‘ನಿಲುವು’ ಕಡೆಗೆ. ನಿಂತ ರೀತಿಗೂ ಮನಸ್ಸಿನ ಧೋರಣೆಗೂ ಅದೊಂದೇ ಪದ ಒದಗುತ್ತದೆ. ‘ನಿಲುವುಸೂಚಕ’ ಎಂದರೆ ಕಿವಿಗೆ ಒರಟೇ? ಹಾರುವ ವಸ್ತುವಿಗೆ ‘ನಿಲುವು’ ಅನ್ನುವುದೇ ಅಸಂಗತವೇ? ‘ಓರೆ’, ‘ವಾಲು’ ಹಿಡಿದು ಯಾರಾದರೂ ಪದ ಕಟ್ಟಿದ್ದರೆ ತಿಳಿಸಿ.

ಇನ್ನೊಂದು ಮಾತು. ಸಾಮಾನ್ಯವಾಗಿ ಈ ಬಿಲ್ಲೆಯಲ್ಲಿ ವಾಲುವುದು ಗೆರೆ, ವಿಮಾನದ ಗುರುತು ಅಲುಗುವುದಿಲ್ಲ. ಅದನ್ನು ಮಾಡಿದ ಹುಡುಗನ ಮಾದರಿಯಲ್ಲಿ ಗೆರೆ ಅಲುಗದೆ, ಪಿನ್ನಿಗೆ ಸಿಕ್ಕಿಸಿದ ಪುಟ್ಟ ವಿಮಾನ ವಾಲುತ್ತದೆ. ತಪ್ಪೆಂದು ತಿದ್ದಲು ಹೋಗಿದ್ದೆ. ನೋಡಿದರೆ ಹಳೆಯ ಸೋವಿಯತ್ ವಿಮಾನಗಳಲ್ಲಿ ಹಾಗೆಯೇ ಇತ್ತಂತೆ. ಪಿನ್ನು ಕೀಳದೆ ಬಿಟ್ಟಿದ್ದೇನೆ.