ಪ್ರೀತಿ ಇದೆ, ಭಕ್ತಿ ಬರುತ್ತಿಲ್ಲ: ನಿಮಗೆ ಹೇಗಾಯಿತು?

ಗೋಣಿಕೊಪ್ಪದಿಂದ: ಮೈಸೂರಿನವಳು, ಮದುವೆಯಾಗಿ ಕೊಡವರ ಮನೆಗೆ ಬಂದಿದ್ದೇನೆ. ಮನೆಯವರೆಲ್ಲರ ಮೇಲೂ ಪ್ರೀತಿ ಇದೆ. ಆದರೆ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ಗುರುಕಾರಣರ (ಕುಟುಂಬದ ಹಿರಿಯ ಪೂರ್ವಜರ) ದೀಪದ ಮುಂದೆ ನಿಂತರೆ ಮನಸ್ಸಿಗೆ ಏನೂ ಅನ್ನಿಸುವುದಿಲ್ಲ. ಪ್ರೀತಿಯೇ ಬೆಳೆದು ಭಕ್ತಿಯಾಗುತ್ತದಾ, ಇಲ್ಲ ಎರಡೂ ಬೇರೆಯಾ? ಅನುಭವ ಇದ್ದವರು ಹೇಳಿ.

ನಾಪೋಕ್ಲುವಿನಿಂದ: ಅನ್ನಿಸಲಿ ಅಂತ ಕಾಯಬೇಡಿ. ನಮ್ಮತ್ತೆ ದಿನಾ ಮುಸ್ಸಂಜೆ ನೆಲ್ಲಕ್ಕಿ ನಡುಬಾಡೆಯಲ್ಲಿ (ಮನೆಯ ನಡುಕೋಣೆಯಲ್ಲಿ) ತೂಗುದೀಪ ಹಚ್ಚುತ್ತಿದ್ದರು. ಬತ್ತಿ ಹೊಸೆಯುತ್ತಲೇ ತೋಟದ ಕೂಲಿ ಲೆಕ್ಕ ಕೇಳುತ್ತಿದ್ದರು, ಜಗಲಿ ಹತ್ತಿದ ಕೋಳಿ ಅಟ್ಟುತ್ತಿದ್ದರು. ಅಕ್ಕಿಕಾಳು ಹಾಕಿ ಕೈಮುಗಿಯುವ ಆ ಅರ್ಧ ನಿಮಿಷ ಮಾತ್ರ ಮಾತಿಲ್ಲ. ಮಾವನ ಮೇಲೆ ಮುನಿಸಿಕೊಂಡು ಊಟ ಬಿಟ್ಟ ದಿನವೂ ದೀಪ ತಪ್ಪಲಿಲ್ಲ. ಗಂಡನಿಗೆ ಕೊಟ್ಟ ಪ್ರೀತಿಗೆ ನಾವು ಉತ್ತರ ಎದುರು ನೋಡುತ್ತೇವೆ, ನೋಡಲೂಬೇಕು. ಕಾರಣರು ತಿರುಗಿ ಮಾತಾಡುವುದಿಲ್ಲ, ಆದರೂ ಹಚ್ಚುತ್ತೇವೆ. ನನಗೆ ಕಂಡ ವ್ಯತ್ಯಾಸ ಅಷ್ಟೇ.

ಈ ಸಲ ತುಲಾ ಸಂಕ್ರಮಣಕ್ಕೆ ಕಣಿಪೂಜೆಯ, ಅಂದರೆ ಮನೆಯಲ್ಲಿ ಮಾಡುವ ಕಾವೇರಮ್ಮನ ಪೂಜೆಯ, ತಯಾರಿಗೆ ನೀವೇ ಕೈಹಾಕಿ. ಕೆಂಪು ರೇಷ್ಮೆ ಸುತ್ತಿ, ಹೂವು, ಬಳೆ, ನಿಮ್ಮದೇ ಪತ್ತಾಕ್ (ಕೊಡವ ಹೆಂಗಸರ ಕೊರಳ ಸರ) ಇಟ್ಟು ಕಾವೇರಮ್ಮನನ್ನು ಸಿಂಗರಿಸುವಾಗ ಕೈಗೆ ಕೆಲಸ ಸಿಗುತ್ತದೆ. ನನಗೆ ಭಕ್ತಿ ಕೈಯಿಂದಲೇ ಬಂತು.

ಸೋಮವಾರಪೇಟೆಯಿಂದ: ಮೇಲಿನವರ ಮಾತು ಪೂರ್ತಿ ಒಪ್ಪಲಾರೆ. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಗಂಡ ಅಂತಲೇ ನಂಬಿದಳು. ದಾಸರು ದೇವರನ್ನು ಬೈದೂ ಹಾಡಿದ್ದಾರೆ. ನವವಿಧ ಭಕ್ತಿಯಲ್ಲಿ ದಾಸ್ಯದ ಪಕ್ಕದಲ್ಲೇ ಸಖ್ಯವೂ ಇದೆ. ನಾರದರ ಸೂತ್ರ ಭಕ್ತಿಯನ್ನು ಪರಮಪ್ರೇಮ ಎಂದೇ ಕರೆಯುತ್ತದೆ. ಅಂದಮೇಲೆ ಮುನಿಸು, ಸಲಿಗೆ, ಉತ್ತರದ ಆಸೆ ಎಲ್ಲಕ್ಕೂ ಭಕ್ತಿಯಲ್ಲಿ ಜಾಗ ಇದೆ. ನಿಮ್ಮ ಪ್ರೀತಿಯನ್ನು ಕಡಿಮೆ ಅಂದುಕೊಳ್ಳಬೇಡಿ.

ಮಕ್ಕಂದೂರು ಕಡೆಯಿಂದ: 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ನಮ್ಮ ಕಾಫಿ ತೋಟದ ಒಂದು ಭಾಗ ಹೋಯಿತು. ಆ ವರ್ಷ ತಲಕಾವೇರಿಗೆ ಬರಲ್ಲ ಅಂತ ಅಪ್ಪ ಹಟ ಹಿಡಿದರು. ಅಪ್ಪನಿಗೂ ಕಾವೇರಮ್ಮನ ಮೇಲೆ ಪ್ರೀತಿ ಕಡಿಮೆ ಇರಲಿಲ್ಲ, ಅದಕ್ಕೇ ಅಷ್ಟು ನೋವು. ಅಮ್ಮ ಹೋಗಿ ತೀರ್ಥ ತಂದರು. ಏನು ಬೇಡಿಕೊಂಡೆ ಅಂತ ಕೇಳಿದ್ದಕ್ಕೆ, "ಬೇಡಲಿಲ್ಲ. ಬಂದಿದ್ದೀನಿ ಅಂದೆ" ಅಂದರು. ಇಬ್ಬರಲ್ಲಿ ಯಾರದು ದೊಡ್ಡದು ಅಂತ ನಾನು ಅಳೆಯುವುದಿಲ್ಲ. ಆದರೆ ಭಕ್ತಿ ಅಂದರೆ ನನಗೆ ನೆನಪಾಗುವುದು ಅಮ್ಮನ ಆ ಮಾತೇ.

ಗೋಣಿಕೊಪ್ಪದಿಂದ: ಎಲ್ಲರಿಗೂ ಧನ್ಯವಾದ. ಕಣಿಪೂಜೆಗೆ ಕಾವೇರಮ್ಮ ಅಂತ ಇಡುವುದು ಸೌತೆಕಾಯಿಯಾ, ತೆಂಗಿನಕಾಯಿಯಾ?

ನಾಪೋಕ್ಲುವಿನಿಂದ: ನಿಮ್ಮ ಒಕ್ಕದಲ್ಲಿ (ಮನೆತನದಲ್ಲಿ) ಯಾವುದು ರೂಢಿಯೋ ಅದು. ನಿಮ್ಮತ್ತೆಯನ್ನೇ ಕೇಳಿ, ಅವರಿಗೂ ಖುಷಿಯಾಗುತ್ತದೆ. ಅವತ್ತು ಅಡುಗೆಗೆ ಮಾಂಸ ಇಲ್ಲ, ದೋಸೆಗೆ ಕುಂಬಳಕಾಯಿ ಪಲ್ಯ ಮಾಡಿ.