ಸಹಾಯ ಬೇಕು: ಕೆಲಸ ಹೋದ ಮೇಲೆ ನಮ್ಮನೆಯವರು ಮಾತೇ ಬಿಟ್ಟಿದ್ದಾರೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮನೆಯವರು 14 ವರ್ಷ ಒಂದೇ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಯುಗಾದಿ ಆದ ಮೇಲೆ ಅಂಗಡಿ ಮುಚ್ಚಿತು. ಅಲ್ಲಿಂದ ಎಲ್ಲೂ ಕೆಲಸ ಸಿಕ್ಕಿಲ್ಲ.

ಸಂಘದ ಸಾಲದ ಕಂತು ಪ್ರತಿ ಬುಧವಾರ. ಗೃಹಲಕ್ಷ್ಮಿಯ 2,000 ರೂಪಾಯಿ ಎರಡು ವಾರಕ್ಕೇ ಮುಗಿಯುತ್ತದೆ. ದುಡ್ಡಿನದ್ದು ಹೇಗೋ ತೂಗಿಸಬಹುದು, ಇವರನ್ನು ನೋಡಿದರೆ ಕರುಳು ಚುರ್ ಅನ್ನುತ್ತದೆ. ಫೋನ್ ರಿಂಗಾದರೆ ಸಾಕು, ದಿಂಬಿನ ಕೆಳಗೆ ತುರುಕುತ್ತಾರೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ನೋಡಿದರೆ ಮಗಳ ಹಳೇ ನೋಟ್‌ಬುಕ್‌ನಲ್ಲಿ ಸಾಲ ಕೂಡಿಸುತ್ತಾ ಕೂತಿರುತ್ತಾರೆ. ದಿನಾ ಅದೇ ಲೆಕ್ಕ. ಮೊನ್ನೆ ಅವರಿಗಿಷ್ಟ ಅಂತ ಮಂಡಕ್ಕಿ ಒಗ್ಗರಣೆ ಮಾಡಿದ್ದೆ. ಎರಡು ತುತ್ತು ತಿಂದು ತಟ್ಟೆ ಸರಿಸಿದರು. "ನಾನಿದ್ದು ಏನು ಪ್ರಯೋಜನ" ಅಂದರು. ನನಗೆ ಕೈಕಾಲೇ ಆಡಲಿಲ್ಲ.

ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನಾನೇ ಫೋನ್ ಮಾಡಿದೆ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಸಿಗುತ್ತಾರೆ. ಒಬ್ಬರನ್ನೇ ಬಿಡಬೇಡಿ, ಡಾಕ್ಟರಿಗೆ ತೋರಿಸಿ ಅಂದರು. ಇವರು "ನನಗೇನು ಹುಚ್ಚಾ" ಅಂತ ಸಿಟ್ಟಾಗುತ್ತಾರೆ. ಇದು ಹುಚ್ಚಲ್ಲ ಅಲ್ವಾ? ಜ್ವರ ಬಂದರೆ ತೋರಿಸಲ್ವಾ ನಾವು?

ನಿಮ್ಮ ಮನೆಯಲ್ಲೂ ಹೀಗಾಗಿದ್ದರೆ ಹೇಗೆ ಒಪ್ಪಿಸಿದಿರಿ, ದಯವಿಟ್ಟು ಹೇಳಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಿ ಬಂದವರಿದ್ದರೆ ಯಾವ ದಿನ ಜನ ಕಡಿಮೆ ಇರುತ್ತಾರೆ ತಿಳಿಸಿ. ಜಾಸ್ತಿ ಜನ ಕಂಡರೆ ಇವರು ವಾಪಸ್ ಬಂದುಬಿಡುತ್ತಾರೆ. ಎಪಿಎಂಸಿ ಕಡೆ ಲೆಕ್ಕ ಬರೆಯುವ ಕೆಲಸ ಅರ್ಧ ದಿನದ್ದಿದ್ದರೂ ಸಾಕು. ಟ್ಯಾಲಿ ಚೆನ್ನಾಗಿ ಬರುತ್ತದೆ ಅವರಿಗೆ.