‘ಸಲ್ಕಾ ದಾತಾಖ್’ – ಇದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಲೆಕ್ಕದ ಪುಸ್ತಕ (ಚಿಕ್ಕಮಗಳೂರು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುವವಳು. ಚಿಕ್ಕಂದಿನಿಂದ ಮನೆಯಲ್ಲಿ ಬೈಬಲ್ ಓದುವ ರೂಢಿಯಿತ್ತು. ದಾನಿಯೇಲನ ಪುಸ್ತಕದಲ್ಲಿ 2ನೇ ಅಧ್ಯಾಯದ 4ನೇ ವಚನದ ನಡುವಿನಿಂದ 7ನೇ ಅಧ್ಯಾಯದ ಕೊನೆಯವರೆಗೆ ಇರುವುದು ಹೀಬ್ರೂ ಅಲ್ಲ, ಅರಮಾಯಿಕ್ ಎಂದು ತಿಳಿದ ದಿನದಿಂದ ಆ ಭಾಷೆಯ ಬೆನ್ನು ಹತ್ತಿದ್ದೇನೆ. ಈಗ ಯಹೂದಿ ಧರ್ಮಪಂಡಿತರ ಚರ್ಚೆಗಳ ಸಂಗ್ರಹವಾದ ತಾಲ್ಮುದ್‌ಗೆ ಬಂದಿದ್ದೇನೆ. ರಾತ್ರಿ ಊಟವಾದ ಮೇಲೆ ನಾಲ್ಕು ಸಾಲು, ಅಷ್ಟೇ. ಉದ್ದನೆಯ ಖಾತೆ ಪುಸ್ತಕದ ಎಡಗಡೆ ಮೂಲ, ಬಲಗಡೆ ನನ್ನ ಕನ್ನಡ.

ಸ-ಲ-ಕ ಎಂಬ ಒಂದು ಧಾತು ನನ್ನನ್ನು ಹದಿನೈದು ದಿನದಿಂದ ಅಲ್ಲೇ ನಿಲ್ಲಿಸಿದೆ. ನಿಘಂಟಿನಲ್ಲಿ ಮೊದಲ ಅರ್ಥ ‘ಏರು, ಹತ್ತು’. ದಾನಿಯೇಲನ ಕನಸಿನಲ್ಲಿ ನಾಲ್ಕು ಮೃಗಗಳು ಸಮುದ್ರದಿಂದ ಮೇಲೇರುವುದು ಇದೇ ಪದದಿಂದ, ಅದು ಸರಿ. ತಾಲ್ಮುದ್‌ನ ಪಂಡಿತರಲ್ಲೊಬ್ಬರಾದ ರಬ್ಬಿ ಝೇರಾ ಬಾಬಿಲೋನಿನಿಂದ ಇಸ್ರಾಯೇಲ್ ನಾಡಿಗೆ ಹೋದದ್ದೂ ‘ಸ್ಲೀಕ್’. ಸಾಲಗಾರನು ಹಣ ಕೊಟ್ಟು ಸಾಲ ಕೊಟ್ಟವನನ್ನು ‘ಸಲ್ಲೇಕ್’ ಮಾಡಿದರೆ ಋಣ ತೀರಿತು. ಒಂದು ಸಂಪುಟ ಓದಿ ಮುಗಿದಾಗ ಕೊನೆಯಲ್ಲಿ ‘ಸ್ಲೀಕಾ’. ಚರ್ಚೆಯ ನಡುವೆ ಹೆಜ್ಜೆ ಹೆಜ್ಜೆಗೂ ‘ಸಲ್ಕಾ ದಾತಾಖ್’, ಅಂದರೆ ‘ನಿನ್ನ ಮನಸ್ಸಿಗೆ ಏರುತ್ತದೆ’.

ನನ್ನ ಕನ್ನಡದಲ್ಲಿ ‘ತಲೆಗೆ ಹತ್ತಿತೇ?’ ಎಂದು ಬರೆದೆ. ಮರುದಿನ ಓದಿದರೆ ಅರ್ಥವೇ ಉಲ್ಟಾ. ಇನ್ನೊಂದು: ‘ತೀರ್ಮಾನ’ ಎಂಬುದಕ್ಕೆ ಅವರು ಬಳಸುವ ‘ಮಸ್ಕನಾ’ ಕೂಡ ಇದೇ ಧಾತುವಿನದಂತೆ. ಅದರಲ್ಲಿ ಲಕಾರವೇ ಇಲ್ಲವಲ್ಲ! ಬಲ್ಲವರು ಬಿಡಿಸಿ ಹೇಳಬೇಕು.

ನಿವೃತ್ತ ಕನ್ನಡ ಉಪನ್ಯಾಸಕ (ಹಾಸನ) ಉತ್ತರ:

ತಾಯೀ, ಲಕಾರದಿಂದಲೇ ಶುರು ಮಾಡುತ್ತೇನೆ. ‘ಏಳು’ ಎಂಬ ಕ್ರಿಯಾಪದದ ಭೂತರೂಪ ‘ಎದ್ದನು’. ಅಲ್ಲಿ ಳಕಾರ ಎಲ್ಲಿ ಹೋಯಿತು? ಹಳಗನ್ನಡದಲ್ಲಿ ಅದು ‘ಏೞ್’, ‘ಎೞ್ದು’. ನಾಲಿಗೆಗೆ ಆ ಒತ್ತು ಭಾರವಾಗಿ ೞಕಾರ ಪಕ್ಕದ ದಕಾರದಲ್ಲಿ ಕರಗಿತು, ದಕಾರ ಇಮ್ಮಡಿಸಿತು. ಬೀಳು, ಬಿದ್ದನು – ಇದೂ ಹಾಗೆಯೇ. ಅರಮಾಯಿಕ್‌ನಲ್ಲಿ ಈ ಧಾತುವಿನ ಸಕಾರ ಲಕಾರಗಳು ನಡುವೆ ಸ್ವರವಿಲ್ಲದೆ ಒತ್ತಿಕೊಂಡಾಗ ಲಕಾರ ಸಕಾರದಲ್ಲಿ ಕರಗುತ್ತದೆ. ‘ಯಿಸ್ಲಕ್’ ಆಗಬೇಕಾದದ್ದು ‘ಯಿಸ್ಸಕ್’. ನೀವು ಓದಿ ಬೆಳೆದ ಕೀರ್ತನೆಗಳ 139ನೆಯದರಲ್ಲಿ, 8ನೇ ವಚನ, ‘ನಾನು ಆಕಾಶಕ್ಕೆ ಏರಿದರೆ’ ಎಂಬಲ್ಲಿ ಹೀಬ್ರೂ ಮೂಲದಲ್ಲಿ ‘ಎಸ್ಸಕ್’ ಎಂದಿದೆ. ಲಕಾರ ನುಂಗಿದ ಅದೇ ಧಾತು. ದಾನಿಯೇಲನನ್ನು ಸಿಂಹದ ಗುಹೆಯಿಂದ ಮೇಲೆತ್ತಲು ಅರಸ ಅಪ್ಪಣೆ ಕೊಡುವಲ್ಲಿ ಆ ಇಮ್ಮಡಿ ಸಕಾರವೂ ಸಡಿಲವಾಗಿ ನಕಾರ ನುಸುಳಿ ‘ಹನ್ಸಾಕಾ’ ಆಗಿದೆ. ನಿಲ್ಲು – ನಿಂತ, ಸಲ್ಲು – ಸಂದ ನೆನಪಾಗುವುದಿಲ್ಲವೇ? ನಮ್ಮಲ್ಲಿ ಕಾರಣ ಬೇರೆ, ಆದರೆ ನೋಡುವ ಕಣ್ಣು ಪಳಗುತ್ತದೆ.

ಆದ್ದರಿಂದ ‘ಮಸ್ಕನಾ’ ಅಂದರೆ ‘ಮೇಲೆತ್ತಿದ್ದು’. ಪ್ರೇರಣಾರ್ಥಕದಿಂದ ಬಂದ ನಾಮಪದ. ಚರ್ಚೆಯ ಬಾವಿಗೆ ಕೊಡ ಇಳಿಸಿ ಕೊನೆಗೆ ಎಳೆದುಕೊಂಡದ್ದು ಎಂದು ನಾನು ಕಲ್ಪಿಸಿಕೊಳ್ಳುತ್ತೇನೆ.

ನಿಮ್ಮ ಸಾಲದ ಅರ್ಥಕ್ಕೆ ಕನ್ನಡದಲ್ಲಿ ಜೊತೆಗಾರ ಪದವೇ ಇದೆ, ನಿಮ್ಮ ಕಚೇರಿಯಲ್ಲೇ ಇದೆ: ಸಂದಾಯ. ‘ಸಲ್ಲು’ವಿನಿಂದ ಬಂದದ್ದು. ಹಣ ಸಂದಿತು, ಕಾಲ ಸಂದಿತು, ಹಿರಿಯರು ಸಂದರು. ನಿಮ್ಮ ಸ-ಲ-ಕ ಧಾತುವಿನ ಇನ್ನೊಂದು ರೂಪದಲ್ಲೂ ‘ತೊಲಗು, ತೀರಿಕೊಳ್ಳು’ ಎಂಬ ಅರ್ಥವಿದೆ. ಸಲ್ಲು, ಸಲಕ ಎಂದು ಕಿವಿಗೆ ಹತ್ತಿರ ಕೇಳುತ್ತದೆಂದು ನೆಂಟಸ್ತನ ಕಟ್ಟಬೇಡಿ. ಧ್ವನಿಯ ಹೋಲಿಕೆ ಆಕಸ್ಮಿಕ. ಅರ್ಥ ಬೆಳೆದ ದಾರಿ ಮಾತ್ರ ಒಂದೇ ತೆರನಾದದ್ದು.

ಘಟ್ಟದ ಅಂಚು (ಸಕಲೇಶಪುರ) ಉತ್ತರ:

ಅಕ್ಕಾ, ರಬ್ಬಿ ಝೇರಾ ಪ್ರಯಾಣಕ್ಕೆ ದಯವಿಟ್ಟು ‘ಹೋದರು’ ಎಂದು ಬರೆಯಬೇಡಿ. ‘ಹತ್ತಿದರು’ ಎಂದೇ ಇರಲಿ. ನಾವು ಘಟ್ಟ ಹತ್ತುತ್ತೇವೆ, ಘಟ್ಟ ಇಳಿಯುತ್ತೇವೆ. ಮಂಗಳೂರಿಗೆ ಹೊರಟವನನ್ನು ‘ಕೆಳಗೆ ಹೋದ’ ಎನ್ನುತ್ತೇವೆ. ಅವರಿಗೂ ಇಸ್ರಾಯೇಲ್ ನಾಡು ಮೇಲೆ, ಬಾಬಿಲೋನ್ ಕೆಳಗೆ. ಅಲ್ಲಿನ ಪಾಠವನ್ನು ಬಾಬಿಲೋನಿಗೆ ತರುತ್ತಿದ್ದ ಉಲ್ಲಾ, ರವ್ ದಿಮಿ ಮುಂತಾದವರಿಗೆ ‘ನಾಹೋತೆ’, ಅಂದರೆ ‘ಇಳಿದು ಬರುವವರು’ ಎಂದೇ ಹೆಸರು.

ತಾಲ್ಮುದ್‌ನ ಕೆತುಬೋತ್ ಸಂಪುಟದ ಕೊನೆಯ ಹಾಳೆಗಳಲ್ಲಿ ಇದೆ ನೋಡಿ: ರಬ್ಬಿ ಝೇರಾ ಹತ್ತಿ ಹೋಗುವಾಗ ಹೊಳೆ ದಾಟಲು ದೋಣಿ ಸಿಗಲಿಲ್ಲ. ಕಾಯಲಿಲ್ಲ. ಕಟ್ಟಿದ್ದ ಹಗ್ಗ ಹಿಡಿದುಕೊಂಡೇ ದಾಟಿದರು. ನೋಡಿದವನೊಬ್ಬ ‘ನಿಮ್ಮದು ಆತುರದ ಜನ’ ಎಂದು ಹಂಗಿಸಿದ. ಮೋಶೆ ಆರೋನರಿಗೇ ಸಿಗದ ನಾಡು ಇದು, ನನಗೆ ಸಿಗುತ್ತದೆಂದು ಯಾರು ಹೇಳಬಲ್ಲರು ಎಂಬ ಅರ್ಥದಲ್ಲಿ ಅವರು ಉತ್ತರ ಕೊಟ್ಟರು. ನಮ್ಮ ತೋಟದ ಹಳ್ಳಕ್ಕೆ ಅಡಕೆ ಮರದ ಸಂಕ ಇದ್ದ ಕಾಲದಲ್ಲಿ, ಆಷಾಢದ ಮಳೆಯಲ್ಲಿ ಬಿದಿರಿನ ಕೈಹಿಡಿ ಬಿಗಿಯಾಗಿ ಹಿಡಿದು ಶಾಲೆಗೆ ದಾಟಿದವನು ನಾನು. ಅಂಗೈಯ ಆ ಒದ್ದೆ ನನಗೆ ಈ ಸಾಲಿನಲ್ಲಿ ಮತ್ತೆ ಸಿಕ್ಕಿತು.

ಲೆಕ್ಕದ ಪುಸ್ತಕ:

ಇಬ್ಬರಿಗೂ ವಂದನೆಗಳು. ‘ಹತ್ತಿದರು’ ಎಂದು ತಿದ್ದಿದೆ. ಆದರೆ ಸರ್, ‘ಸಲ್ಕಾ ದಾತಾಖ್’ ಉಳಿದೇ ಹೋಯಿತು. ‘ಹೊಳೆಯಿತೇ?’ ಎನ್ನಬಹುದೇ?

ನಿವೃತ್ತ ಕನ್ನಡ ಉಪನ್ಯಾಸಕ:

ಬೇಡ. ಹೊಳೆಯುವುದು ಒಳ್ಳೆಯ ವಿಚಾರ. ತಲೆಗೆ ಹತ್ತುವುದು ಅರ್ಥವಾದ ವಿಚಾರ. ಇದು ಎರಡೂ ಅಲ್ಲ. ದಾನಿಯೇಲ 2:29ರಲ್ಲಿ ಅರಸನು ಹಾಸಿಗೆಯಲ್ಲಿದ್ದಾಗ ಯೋಚನೆಗಳು ‘ಏರಿದವು’ ಎಂದಿದೆಯಲ್ಲ, ಅಲ್ಲಿ ಅದು ಬರೀ ಯೋಚನೆ. ತಾಲ್ಮುದ್‌ನಲ್ಲಿ ಹಾಗಲ್ಲ. ಅಲ್ಲಿ ಮನಸ್ಸಿಗೆ ‘ಏರಿದ್ದು’ ಮುಂದಿನ ಸಾಲಿನಲ್ಲಿ ಬಿದ್ದುಹೋಗಲಿಕ್ಕೇ ಏರಿದ್ದು.

ಕಿದ್ದುಶಿನ್ ಸಂಪುಟದ 29ನೇ ಹಾಳೆಯ ಹಿಂಬದಿ ತೆಗೆಯಿರಿ. ಇಪ್ಪತ್ತಾದರೂ ಮದುವೆಯಾಗದವನು ತನ್ನ ದಿನಗಳನ್ನೆಲ್ಲ ಪಾಪದಲ್ಲಿ ಕಳೆಯುತ್ತಾನೆ ಎಂಬ ಮಾತು ಬರುತ್ತದೆ. ಒಡನೆಯೇ: ‘ಪಾಪದಲ್ಲಿ, ಸಲ್ಕಾ ದಾತಾಖ್?’ ಆಮೇಲೆ ತಿದ್ದುಪಡಿ: ಪಾಪದ ಯೋಚನೆಯಲ್ಲಿ ಎನ್ನು. ಒಂದು ಹೇಳಿಕೆಯನ್ನು ಅಕ್ಷರಶಃ ಹಿಡಿದವನ ಭುಜ ತಟ್ಟಿ ನಿಲ್ಲಿಸುವ ಮಾತು ಅದು.

ಇದಕ್ಕೆ ನಮ್ಮ ವ್ಯಾಕರಣದಲ್ಲೇ ರೂಪವಿದೆ, ಸಂಭಾವನಾರ್ಥಕ. ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಓಡುವ ಮಗುವಿಗೆ ‘ಬಿದ್ದೀಯೆ, ಜೋಕೆ’ ಎನ್ನುತ್ತೇವೆ. ಬೀಳುವುದನ್ನು ಹೇಳುತ್ತೇವೆ, ಬೀಳಬಾರದೆಂದು. ಅದೇ ಅಚ್ಚಿನಲ್ಲಿ: ‘ಪಾಪದಲ್ಲಿ ಎಂದುಕೊಂಡೀಯಾ? ಹಾಗಲ್ಲ.’ ‘ಸಲ್ಕಾ ದಾತಾಖ್ ಅಮಿನಾ’ ಎಂದು ಶುರುವಾಗಿ ‘ಕಾ ಮಷ್ಮಾ ಲನ್’, ಅಂದರೆ ‘ನಮಗೆ ಕೇಳಿಸುತ್ತಾನೆ’ ಎಂದು ಮುಗಿಯುವ ಕಡೆ: ‘ಹೀಗೆಂದುಕೊಂಡೀಯೆ ಎಂದೇ ಇದನ್ನು ಹೇಳಿದ್ದು.’ ವಾಕ್ಯದ ಮೊದಲಲ್ಲಿ ‘ಈ’ (ಅರಮಾಯಿಕ್‌ನಲ್ಲಿ ‘ಒಂದು ವೇಳೆ’) ಸೇರಿ ‘ಈ ಸಲ್ಕಾ ದಾತಾಖ್’ ಎಂದು ಬಂದರೆ ಮಾತ್ರ ಅದು ‘ಹಾಗೆಂದುಕೊಂಡರೆ’. ಮುಂದೆ ಒಂದು ವಿರೋಧ ಕಾದಿರುತ್ತದೆ. ಈ ಮೂರನ್ನೂ ಒಂದೇ ಪದದಿಂದ ಅನುವಾದಿಸಲು ಹೋಗಬೇಡಿ.

ಲೆಕ್ಕದ ಪುಸ್ತಕ:

‘ಎಂದುಕೊಂಡೀಯಾ’ ಎಂದು ಬಲಗಡೆ ಬರೆದು ಗಟ್ಟಿಯಾಗಿ ಓದಿದೆ, ಸರ್. ಒಳಗಿನಿಂದ ಅಮ್ಮ ‘ಯಾರನ್ನು ಗದರುತ್ತಿದ್ದೀಯೆ?’ ಎಂದು ಕೇಳಿದರು.